ಮಿದುಳಿಲ್ಲದ ಹುಳುವಿನಲ್ಲಿ ಮಿದುಳಿನ ನಕ್ಷೆ

ಚೆನ್ನೈನ ಮರೀನಾ ಕಡಲತೀರದ ಎದುರಿಗಿರುವ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಕೆ. ರಾಮುಣ್ಣಿ ಮೆನನ್ ಅವರು 20ನೆಯ ಶತಮಾನದ ಆದಿಯಲ್ಲಿ ಮದರಾಸು ಕಡಲಿನ ಒಂದು ಬಗೆಯ ಹುಳುಗಳನ್ನು ಕುರಿತು ಸಂಶೋಧನಾ ಲೇಖನ ಬರೆದರು. ಮರಳಿನಲ್ಲಿ ಬಿಲ ತೋಡಿಕೊಂಡು ಬಾಳುವ, ಹಿಡಿದೆತ್ತಿದರೆ ತುಂಡಾಗುವಷ್ಟು ಮೃದುವಾದ ಈ ಜೀವಿಗಳ ಮುಂತುದಿಯ ಸೊಂಡಿಲು ಓಕ್ ಮರದ ಕಾಯಿಯನ್ನು ಹೋಲುವುದರಿಂದ ಅವುಗಳಿಗೆ ‘ಎಕಾರ್ನ್ ವರ್ಮ್’ ಎಂಬ ಹೆಸರು ಬಂದಿದೆ. ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳು ಇವುಗಳನ್ನು ಬ್ಯಾಲನೊಗ್ಲಾಸಸ್ ಎಂಬ ಹೆಸರಿನಿಂದ ಬಲ್ಲರು. ತಮಿಳುನಾಡಿನ ಪಾಂಬನ್ ಸಮೀಪದ ಕುರುಸಡೈ ದ್ವೀಪವು ಈ ಗುಂಪಿನ ಟೈಕೊಡೆರ ಫ್ಲಾವ ಎಂಬ ಪ್ರಭೇದಕ್ಕೆ ಹೆಸರಾಗಿದೆ.

ಸೊಂಡಿಲು, ಕೊರಳಪಟ್ಟಿ, ಮುಂಡ ಎಂದು ಇದರ ದೇಹದಲ್ಲಿ ಮೂರು ಭಾಗಗಳು. ಮಿದುಳೆಂದು ಬೊಟ್ಟುಮಾಡಬಹುದಾದ ಅಂಗ ಯಾವುದೂ ಇಲ್ಲ. ನರಕೋಶಗಳು ಬಹುಮಟ್ಟಿಗೆ ಚರ್ಮದ ತಳದಲ್ಲಿಯೇ ಬಲೆಯಂತೆ ಹರಡಿಕೊಂಡಿವೆ. ಬೆನ್ನಿನ ಮತ್ತು ಹೊಟ್ಟೆಯ ಮಧ್ಯರೇಖೆಗಳಲ್ಲಿ ಈ ಬಲೆಯು ದಟ್ಟವಾಗಿ ಎರಡು ನರರಜ್ಜುಗಳಾಗುತ್ತದೆ. ಕೊರಳಪಟ್ಟಿಯ ಹಿಂದೆ ಒಂದು ನರದ ಉಂಗುರವು ಅವನ್ನು ಜೋಡಿಸುತ್ತದೆ. ಕೊರಳಪಟ್ಟಿಯಲ್ಲಿ ಮಾತ್ರ ಬೆನ್ನಿನ ರಜ್ಜುವು ಚರ್ಮವನ್ನು ಬಿಟ್ಟು ಒಳಗಿಳಿಯುತ್ತದೆ. ಕೆಲವು ಪ್ರಭೇದಗಳಲ್ಲಿ ಅದು ಟೊಳ್ಳು ಕೊಳವೆಯಾಗಿಯೂ ಇರುತ್ತದೆ. ಮಾನವ ಭ್ರೂಣದ ಬೆನ್ನಿನ ಮೇಲಿನ ಪಟ್ಟಿಯೊಂದು ಮಡಚಿ ಕೊಳವೆಯಾಗಿ, ಮುಂದೆ ಮಿದುಳು ಮತ್ತು ಮಿದುಳುಬಳ್ಳಿಯಾಗುವ ಪರಿಯನ್ನು ಇದು ನೆನಪಿಗೆ ತರುತ್ತದೆ.

ಇಂತಹ ಹೋಲಿಕೆಗಳನ್ನು ಕಂಡೇ 1880ರ ದಶಕದಲ್ಲಿ ಇಂಗ್ಲೆಂಡಿನ ವಿಲಿಯಂ ಬೇಟ್ಸನ್ ಈ ಹುಳುಗಳನ್ನು ಬೆನ್ನೆಲುಬುಳ್ಳ ಪ್ರಾಣಿಗಳ ಬಳಗಕ್ಕೆ ಸೇರಿಸಿದರು. ಆದರೆ ಡಿಎನ್ಎ ಪರೀಕ್ಷೆಯ ಪ್ರಕಾರ ಇವುಗಳ ಹತ್ತಿರದ ಬಂಧುಗಳು ನಕ್ಷತ್ರಮೀನು ಮತ್ತು ಕಡಲಕುಡಿಕೆಗಳು. ಆದ್ದರಿಂದ ಕುರುಸಡೈ ಹುಳುವನ್ನು ‘ಅಕಶೇರುಕ ಕಶೇರುಕಗಳ ನಡುವಣ ಕೊಂಡಿ’ ಎಂದು ಕರೆಯುವ ರೂಢಿಯನ್ನು ಅಕ್ಷರಶಃ ನಂಬಲಾಗದು. ಅದು ನಮ್ಮ ಪೂರ್ವಜನಲ್ಲ, ದೂರದ ದಾಯಾದಿ.

ದಾಯಾದಿಯಾದರೂ ಹಳೆಯ ಆಸ್ತಿಯ ಪಾಲು ಅದರಲ್ಲಿ ಉಳಿದಿದೆ. 2003ರಲ್ಲಿ ಕ್ರಿಸ್ಟೋಫರ್ ಲೋ ಮತ್ತು ಸಂಗಡಿಗರು ಅಮೆರಿಕದ ಅಟ್ಲಾಂಟಿಕ್ ತೀರದ ಪ್ರಭೇದವೊಂದರ ಭ್ರೂಣವನ್ನು ಪರಿಶೀಲಿಸಿದರು. ನಮ್ಮಲ್ಲಿ ಮುಮ್ಮಿದುಳಿನ ಎಲ್ಲೆ ಗುರುತಿಸುವ ಜೀನ್‌ಗಳು ಅಲ್ಲಿ ಮುಖ್ಯವಾಗಿ ಸೊಂಡಿಲಿನಲ್ಲಿ, ನಡುಮಿದುಳಿನವು ಕೊರಳಪಟ್ಟಿಯ ಆಸುಪಾಸಿನಲ್ಲಿ, ಮಿದುಳುಬಳ್ಳಿಯವು ಮುಂಡದಲ್ಲಿ ಕೆಲಸಮಾಡುತ್ತಿದ್ದವು. ಅನುಕ್ರಮ ಅದೇ, ಆದರೆ ಬೆನ್ನಿಗೆ ಸೀಮಿತವಾಗದೆ, ಬಳೆ ತೊಡಿಸಿದಂತೆ ದೇಹವನ್ನೆಲ್ಲ ಸುತ್ತುವರಿದಿದ್ದವು. ಎಂದರೆ, ಈ ನಕ್ಷೆಯು ಕಶೇರುಕಗಳ ಮಿದುಳಿಗಿಂತ ಪುರಾತನವಾದುದು. ಆದಿಪೂರ್ವಜನ ನರಗಳು ಬಲೆಯಾಗಿಯೇ ಇದ್ದು ನಮ್ಮ ವಂಶದಲ್ಲಿ ಒಂದೆಡೆ ಕೂಡಿಕೊಂಡವೇ, ಅಥವಾ ಕೂಡಿದ್ದ ನರಗಳು ಹುಳುವಿನ ವಂಶದಲ್ಲಿ ಚದುರಿದವೇ ಎಂಬುದು ಇಂದಿಗೂ ವಿವಾದದ ವಿಷಯವಾಗಿದೆ. 2015ರಲ್ಲಿ ಟೈಕೊಡೆರ ಫ್ಲಾವ ಸೇರಿದಂತೆ ಎರಡು ಪ್ರಭೇದಗಳ ಸಂಪೂರ್ಣ ಜೀನೋಮ್ ಪ್ರಕಟವಾದ ಮೇಲೂ ಅದು ಮುಗಿದಿಲ್ಲ.

ವೈದ್ಯರ ಕುತೂಹಲಕ್ಕೆ ಕಾರಣ ಬೇರೆ. ಮಾನವನ ಮಿದುಳುಬಳ್ಳಿ ತುಂಡಾದರೆ ತಾನಾಗಿ ಕೂಡುವುದಿಲ್ಲ. ಟೈಕೊಡೆರ ಫ್ಲಾವದ ದೇಹವನ್ನು ಅಡ್ಡಲಾಗಿ ಕತ್ತರಿಸಿದರೆ, ಹಿಂದಿನ ತುಂಡು ಹೊಸ ಸೊಂಡಿಲನ್ನೂ ಕೊರಳಪಟ್ಟಿಯನ್ನೂ, ಅದರೊಳಗಿನ ನರನಾಳವನ್ನೂ ಮತ್ತೆ ಬೆಳೆಸಿಕೊಳ್ಳುತ್ತದೆ. ಕುರುಸಡೈ ಸೇರಿದಂತೆ ಮನ್ನಾರ್ ಖಾರಿಯ 21 ದ್ವೀಪಗಳು 1986ರಲ್ಲಿ ಸಾಗರ ರಾಷ್ಟ್ರೀಯ ಉದ್ಯಾನದ ವ್ಯಾಪ್ತಿಗೆ ಬಂದಿದ್ದು, ಅನುಮತಿಯಿಲ್ಲದೆ ಅಲ್ಲಿಂದ ಯಾವ ಜೀವಿಯನ್ನೂ ಸಂಗ್ರಹಿಸುವಂತಿಲ್ಲ.