ನಾಯಿಮರಿಯ ಥೈಮಸ್ ಗ್ರಂಥಿ

ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ನಾಗರಹೊಳೆ ಕಾಡಿನ ಅಂಚಿಗೆ ಹೊಲವುಳ್ಳ ರೈತನಿಗೆ ನಾಯಿಯು ಎಷ್ಟು ಉಪಕಾರಿಯೆಂಬುದು ಗ್ರಾಮಪ್ರಮುಖರಿಗೆ ವಿದಿತವೇ ಸರಿ. ರಾಗಿಯ ಹೊಲಕ್ಕೆ ಹಂದಿ ನುಗ್ಗಿದರೆ ಮೊದಲು ಎಚ್ಚರಿಸುವುದು ಅದೇ. ಆದರೂ ಮರಿಗಳು ಕೆಲವೇ ತಿಂಗಳಲ್ಲಿ ಸತ್ತರೆ ಹಣೆಬರಹವೆಂದು ಸುಮ್ಮನಾಗುವುದುಂಟು. ಮರಿಯ ಎದೆಯೊಳಗಣ ಒಂದು ಗ್ರಂಥಿಯ ರಚನೆಯನ್ನರಿತರೆ, ಆ ತಿಂಗಳುಗಳ ಆರೈಕೆಯ ಬೆಲೆ ಮನದಟ್ಟಾಗುವುದು.

ಆ ಗ್ರಂಥಿಯ ಹೆಸರು ಥೈಮಸ್. ಎದೆಗೂಡಿನಲ್ಲಿ ಹೃದಯಕ್ಕೆ ಮುಂದುಗಡೆ, ಶ್ವಾಸಕೋಶಗಳ ನಡುವೆ ಇದು ಇರುವುದು. ಕರುವಿನಲ್ಲಿ ಇದು ಕುತ್ತಿಗೆಗೂ ಚಾಚಿರುವುದು. ನಾಯಿಯಲ್ಲಾದರೋ ಬಹುಮಟ್ಟಿಗೆ ಎದೆಯೊಳಗೇ ಅಡಗಿರುವುದು. ಆರೋಗ್ಯವಂತ ಮರಿಯಲ್ಲಿ ಇದು ಮೃದುವಾಗಿ, ನಸುಗೆಂಪು ಬೆರೆತ ಬೂದುಬಣ್ಣದ್ದಾಗಿರುವುದು. ತೆಳು ಪೊರೆಗಳು ಇದನ್ನು ಸಣ್ಣ ಸಣ್ಣ ತುಂಡುಗಳಾಗಿ ವಿಭಾಗಿಸಿರುವುವು. ಸೂಕ್ಷ್ಮದರ್ಶಕದಲ್ಲಿ ನೋಡಲು ಒಂದೊಂದರಲ್ಲಿಯೂ ಹೊರಗೆ ತೊಗಟೆ, ಒಳಗೆ ತಿರುಳು ಎಂಬ ಎರಡು ಭಾಗಗಳು ಕಾಣುವುವು. ತೊಗಟೆಯಲ್ಲಿ ಲಿಂಫ್ ಕಣಗಳು ತೆನೆಯ ಕಾಳಿನಂತೆ ಒತ್ತಾಗಿರುವುದರಿಂದ ಅದು ಕಪ್ಪಾಗಿ ತೋರುವುದು. ತಿರುಳಿನಲ್ಲಿ ಕಣಗಳು ವಿರಳ. ಅಲ್ಲಲ್ಲಿ ಹ್ಯಾಸಲ್ ಕಾಯಗಳೆಂಬ ಸುರುಳಿಯಾಕಾರದ ಗುಂಡುಗಳಿರುವುವು.

ಈ ಗ್ರಂಥಿಯ ಕೆಲಸವನ್ನು 1961ರಲ್ಲಿ ಜಾಕ್ ಮಿಲ್ಲರ್ ಎಂಬ ವಿಜ್ಞಾನಿಯು ಇಲಿಗಳ ಮೇಲಣ ಪ್ರಯೋಗದಿಂದ ತೋರಿಸಿಕೊಟ್ಟನು. ಮೂಳೆಯ ಮಜ್ಜೆಯಲ್ಲಿ ಹುಟ್ಟಿದ ಕಣಗಳು ಇಲ್ಲಿಗೆ ಬಂದು ಪಳಗುವುವು. ರೈತನು ಬಿತ್ತನೆಯ ಬೀಜವನ್ನು ಆರಿಸುವಂತೆ, ರೋಗಾಣುವನ್ನು ಗುರುತಿಸಬಲ್ಲ, ಸ್ವಂತ ದೇಹವನ್ನು ಬಾಧಿಸದ ಕಣಗಳನ್ನು ಮಾತ್ರ ಗ್ರಂಥಿಯು ಹೊರಕ್ಕೆ ಬಿಡುವುದು. ಉಳಿದ ಬಹುಸಂಖ್ಯೆಯ ಕಣಗಳು ಅಲ್ಲಿಯೇ ನಾಶವಾಗುವುವು.

ಹುಟ್ಟಿದ ಮೊದಲ ಕೆಲವು ತಿಂಗಳುಗಳಲ್ಲಿ ಬೆಳೆಯುವ ಈ ಗ್ರಂಥಿಯು, ನಾಯಿಯು ಪ್ರಾಯಕ್ಕೆ ಬರುತ್ತಲೇ ಕುಗ್ಗಿ, ಕ್ರಮೇಣ ಅದರ ಸ್ಥಳವನ್ನು ಕೊಬ್ಬು ಆಕ್ರಮಿಸುವುದು. ಇದು ರೋಗವಲ್ಲ, ಸಹಜಧರ್ಮ. ಆದರೆ ಎಳೆಮರಿಯಲ್ಲಿಯೇ ಗ್ರಂಥಿ ಕುಗ್ಗಿದ್ದರೆ, ಅದು ಹಸಿವಿನ ಅಥವಾ ರೋಗದ ಕುರುಹಾಗಿರಬಹುದು. ಡಿಸ್ಟೆಂಪರ್ ರೋಗದ ವಿಷಾಣುವಂತೂ ಲಿಂಫ್ ಕಣಗಳನ್ನೇ ನಾಶಪಡಿಸುವುದು.

ಆದುದರಿಂದ ಮರಿಗೆ ಹುಟ್ಟಿದ ದಿನವೇ ತಾಯಿಯ ಮೊದಲ ಹಾಲು ದೊರೆಯಬೇಕು. ಆ ಹಾಲಿನ ರಕ್ಷಣೆಯು ಕೆಲವು ವಾರಗಳಲ್ಲಿ ಕಳೆಯುವುದು. ಅದು ಇರುವತನಕ ಲಸಿಕೆಯು ಪೂರ್ಣವಾಗಿ ಹತ್ತದು. ಈ ಕಾರಣದಿಂದ ಡಿಸ್ಟೆಂಪರ್ ಲಸಿಕೆಯನ್ನು 6ರಿಂದ 8ನೆಯ ವಾರದಲ್ಲಿ ಆರಂಭಿಸಿ, 16ನೆಯ ವಾರದವರೆಗೆ ಬಿಟ್ಟುಬಿಟ್ಟು ಹಾಕಿಸುವುದುಂಟು. ಹುಚ್ಚುನಾಯಿ ರೋಗದ ಲಸಿಕೆಯನ್ನು 3 ತಿಂಗಳಿಗೆ ಹಾಕಿಸಿ, ವರ್ಷದ ಮೇಲೆ ಪುನಃ ಹಾಕಿಸತಕ್ಕದ್ದು. ಜಂತುಹುಳುವಿಗೆ ಔಷಧವನ್ನೂ, ಹೊಟ್ಟೆತುಂಬ ಆಹಾರವನ್ನೂ ಕೊಡಬೇಕು.

ಡಿಸ್ಟೆಂಪರ್ ಕಾಡಿನ ಸೀಳುನಾಯಿಗಳಿಗೂ ತಗಲುವ ರೋಗ. ಹುಚ್ಚು ರೋಗವಾದರೋ ದನಕರುಗಳಿಗೂ ಮನುಷ್ಯರಿಗೂ ಮಾರಕ. ಒಬ್ಬರ ನಾಯಿಗೆ ಮಾತ್ರ ಲಸಿಕೆಯಾದರೆ ಸಾಲದು. ಗ್ರಾಮಪ್ರಮುಖರೂ ಭೂಮಾಲೀಕರೂ ಮುಂದಾಗಿ, ಊರಿನ ಸಮಸ್ತ ನಾಯಿಗಳಿಗೂ ಒಂದೇ ದಿನ ಲಸಿಕೆ ಹಾಕಿಸಲು ಪಶುವೈದ್ಯರೊಡನೆ ಏರ್ಪಾಡು ಮಾಡುವುದು ಶ್ರೇಯಸ್ಕರ.