ಅರ್ಜಿಯ ಬಾಯಿ ಕಟ್ಟಿದ ಸಭೆ

ಗುಲಾಮಗಿರಿ ನಿಲ್ಲಿಸಿ ಎಂದು ಅಮೆರಿಕದ ಉತ್ತರ ರಾಜ್ಯಗಳ ಸಾವಿರಾರು ಜನ, ಮತದ ಹಕ್ಕೇ ಇಲ್ಲದ ಹೆಂಗಸರೂ ಸೇರಿ, ಅರ್ಜಿಗಳಿಗೆ ಸಹಿ ಹಾಕಿ ಸಂಸತ್ತಿನ ಪ್ರತಿನಿಧಿ ಸಭೆಗೆ ಕಳಿಸುತ್ತಿದ್ದರು. ಗುಲಾಮಗಿರಿ ಇದ್ದ ದಕ್ಷಿಣ ರಾಜ್ಯಗಳ ಸದಸ್ಯರು ಇದನ್ನು ಸಹಿಸಲಿಲ್ಲ. ಅಂಥ ಅರ್ಜಿಗಳನ್ನು ಚರ್ಚೆಯಿಲ್ಲದೆ ಬದಿಗಿಡುವ ನಿಯಮವನ್ನು 1836ರಲ್ಲಿ ಪ್ರತಿನಿಧಿ ಸಭೆ ತಂದಿತು. ಮಾಜಿ ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ಆಗ ಮ್ಯಾಸಚೂಸೆಟ್ಸ್‌ನ ಸದಸ್ಯ, ಎಪ್ಪತ್ತರ ಹೊಸ್ತಿಲಲ್ಲಿದ್ದ ಹಿರಿಯ. 1837ರ ಫೆಬ್ರವರಿಯಲ್ಲಿ ಅವರು ಎದ್ದುನಿಂತು, ಗುಲಾಮರದ್ದು ಎನ್ನಲಾದ ಅರ್ಜಿಯೊಂದು ಕೈಯಲ್ಲಿದೆ, ನಿಯಮ ಇದಕ್ಕೂ ಅನ್ವಯಿಸುತ್ತದೆಯೇ ಎಂದು ಸಭಾಧ್ಯಕ್ಷರನ್ನು ಕೇಳಿದರು. ಸಭೆ ಹೊತ್ತಿ ಉರಿಯಿತು. ಆಡಮ್ಸ್‌ರನ್ನೇ ಹೊರಹಾಕಿ ಎಂಬ ಕೂಗೆದ್ದಿತು. ಆಮೇಲೆ ನೋಡಿದರೆ, ಆ ಅರ್ಜಿ ಗುಲಾಮಗಿರಿ ಮುಂದುವರಿಯಲಿ ಎನ್ನುತ್ತಿತ್ತು! ಗುಲಾಮರ ಪಾಡಿಗೆ ಅಷ್ಟಾಗಿ ಮಿಡಿಯದಿದ್ದ ಎಷ್ಟೋ ಉತ್ತರದವರಿಗೂ ಈ ನಿಯಮದಿಂದ ತಮ್ಮ ಅರ್ಜಿಯ ಹಕ್ಕೇ ಹೋಯಿತಲ್ಲ ಎಂಬ ಸಿಟ್ಟು ಹತ್ತಿತು. ಕೊನೆಗೆ 1844ರ ಡಿಸೆಂಬರ್ 3ರಂದು ಆಡಮ್ಸ್ ಮಂಡಿಸಿದ ನಿರ್ಣಯದಿಂದಲೇ ನಿಯಮ ರದ್ದಾಯಿತು.