ಎಳೆಯುವ ನಾಯಿಗೆ ಯಾವ ಪಟ್ಟಿ?

ನಾಯಿ ಸಾಕುವುದೇನೋ ಸುಲಭ, ಅದನ್ನು ಹಿಡಿದುಕೊಂಡು ಬೀದಿಗೆ ಹೋಗುವುದೇ ಕಷ್ಟ. ಈ ಮಾತು ನನಗೆ ಅರ್ಥವಾಗುವ ಹೊತ್ತಿಗೆ ನಮ್ಮತ್ತೆಯವರ ಮಣಿಕಟ್ಟು ಮುರಿದಿತ್ತು.

ನಮ್ಮದು ಚಾಮರಾಜನಗರ. ಅವತ್ತು ನಾನು ಒಲೆಯ ಮೇಲೆ ಸಾರಿಟ್ಟಿದ್ದೆ. "ಕರಿಯನ್ನ ನಾನೇ ಒಂದು ಸುತ್ತು ಕರ್ಕೊಂಡು ಬರ್ತೀನಿ ಬಿಡವ್ವ" ಎಂದು ಅತ್ತೆ ಚೈನನ್ನು ಕೈಗೆ ಸುತ್ತಿಕೊಂಡು ಹೊರಟರು. ತಿರುವಿನಲ್ಲಿ ಬೆಕ್ಕೊಂದು ಅಡ್ಡ ಬಂತು. ಕರಿಯ ನೆಗೆದ, ಅತ್ತೆ ಬಿದ್ದರು. ಆರು ವಾರ ಕೈಗೆ ಪ್ಲಾಸ್ಟರು.

"ಇನ್ನು ಈ ನಾಯಿ ಸಾಕು. ಗುಂಡ್ಲುಪೇಟೆಗೆ, ನಿಮ್ಮಣ್ಣನ ಜಮೀನಿಗೆ ಕಳಿಸಿಬಿಡು" ಎಂದರು ಯಜಮಾನರು. ಅಣ್ಣನ ಜಮೀನಿರುವುದು ಬಂಡೀಪುರ ಕಾಡಿನ ಅಂಚಿನಲ್ಲಿ. ಅಲ್ಲಿ ರಾತ್ರಿ ಹೊರಗೆ ಕಟ್ಟಿದ ನಾಯಿಯನ್ನು ಚಿರತೆ ಹೊತ್ತೊಯ್ಯುವುದು ಹೊಸದೇನಲ್ಲ. ಅಣ್ಣನ ಎರಡು ನಾಯಿಗಳು ಹಾಗೇ ಹೋಗಿವೆ. ನನಗೆ ಅನ್ನ ಸೇರಲಿಲ್ಲ. ಎರಡು ತಿಂಗಳ ಗಡುವು ಕೇಳಿಕೊಂಡೆ.

ನಾನು ಮಾಡಿದ ತಪ್ಪು

ಅಂಗಡಿಯವರ ಮಾತು ಕೇಳಿ ಚೋಕ್ ಚೈನ್ ತಂದೆ. ನಾಯಿ ಎಳೆದಷ್ಟೂ ಇದು ಉರುಳಿನಂತೆ ಕೊರಳಿಗೆ ಬಿಗಿಯುತ್ತದೆ. ಕರಿಯ ಎಳೆಯುವುದನ್ನು ಬಿಡಲಿಲ್ಲ, ಜೊತೆಗೆ ಕೆಮ್ಮೂ ಶುರುವಾಯಿತು. ಪಶುವೈದ್ಯರು ನೋಡಿದವರೇ, "ಮೊದಲು ಇದನ್ನ ತೆಗೀರಮ್ಮ. ಉಸಿರುನಾಳಕ್ಕೇ ಪೆಟ್ಟಾಗುತ್ತೆ. ಮುಳ್ಳುಪಟ್ಟಿಯನ್ನೂ ಹಾಕಬೇಡಿ, ನೋವಾದರೆ ನಾಯಿ ಇನ್ನಷ್ಟು ಸಿಡುಕಾಗುತ್ತೆ" ಎಂದರು. ಆಮೇಲೆ ತಾಳ್ಮೆಯಿಂದ ಒಂದೊಂದನ್ನೂ ವಿವರಿಸಿದರು. ನಿಮಗೂ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಯಾವುದು ಯಾರಿಗೆ?

ಸಾದಾ ಕೊರಳಪಟ್ಟಿ: ಎಳೆಯದ ನಾಯಿಗೆ ಇದೇ ಸಾಕು. ಪಟ್ಟಿಯೊಳಗೆ ನಮ್ಮ ಎರಡು ಬೆರಳು ಹೋಗುವಷ್ಟು ಸಡಿಲವಿರಲಿ.

ಬೆನ್ನ ಮೇಲೆ ಕೊಂಡಿ ಇರುವ ಹಾರ್ನೆಸ್: ಕೊರಳಿಗೆ ನೋವಿಲ್ಲ, ನಿಜ. ಆದರೆ ಎತ್ತಿಗೆ ಹೆಗಲ ಮೇಲೆ ನೊಗ ಬಿದ್ದರೆ ತಾನೇ ಎಳೆಯುವ ಬಲ ಬರುವುದು? ನಾಯಿಗೂ ಹಾಗೆಯೇ. ಬಂಡೀಪುರದಲ್ಲಿ ಅರಣ್ಯ ಇಲಾಖೆಯ 'ರಾಣಾ' ಎಂಬ ಜರ್ಮನ್ ಶೆಫರ್ಡ್ ಜಾಡು ಹಿಡಿಯುವುದರಲ್ಲಿ ಹೆಸರು ಮಾಡಿತ್ತಲ್ಲ, ಅಂಥ ಕೆಲಸಕ್ಕೆ ನಾಯಿ ಮುಂದೆ ಎಳೆದುಕೊಂಡು ಹೋಗಲೇಬೇಕು. ಅಲ್ಲಿಗೆ ಇದು ಸರಿ. ನಮ್ಮ ಬೀದಿಗೆ ಬೇಡ.

ಎದೆಯ ಮುಂದೆ ಕೊಂಡಿ ಇರುವ ಹಾರ್ನೆಸ್: ನಾಯಿ ಮುನ್ನುಗ್ಗಿದರೆ ಹಗ್ಗ ಅದನ್ನು ಪಕ್ಕಕ್ಕೆ, ನಮ್ಮ ಕಡೆಗೇ ತಿರುಗಿಸುತ್ತದೆ. ಎಳೆದು ಲಾಭವಿಲ್ಲವೆಂದು ಅದಕ್ಕೇ ತಿಳಿಯುತ್ತದೆ. ಕಂಕುಳಲ್ಲಿ ಉಜ್ಜುತ್ತಿದೆಯೇ ಎಂದು ನೋಡಿಕೊಳ್ಳಿ.

ಮೂತಿಗೆ ಹಾಕುವ ಹಾಲ್ಟರ್: ಎತ್ತಿನ ಮೂಗುದಾರದ ಹಾಗೆ, ತಲೆ ತಿರುಗಿದ ಕಡೆ ಮೈ. ತುಂಬಾ ಬಲವಾದ ನಾಯಿಗೆ ಒಳ್ಳೆಯದು. ಆದರೆ ಯಾವತ್ತೂ ಜಗ್ಗಬೇಡಿ, ಕುತ್ತಿಗೆ ಉಳುಕುತ್ತದೆ. ತಿಂಡಿ ಕೊಡುತ್ತಾ ಕೆಲವು ದಿನ ಮನೆಯಲ್ಲೇ ಅಭ್ಯಾಸ ಮಾಡಿಸಿ.

ಮಾರ್ಟಿಂಗೇಲ್ ಪಟ್ಟಿ: ಮುಧೋಳದಂಥ ನಾಯಿಗಳ ತಲೆ ಸಣ್ಣ, ಕೊರಳು ದಪ್ಪ. ಸಾದಾ ಪಟ್ಟಿಯಿಂದ ತಲೆ ನುಣುಚಿಕೊಳ್ಳುತ್ತದೆ. ಇದು ಒಂದು ಅಳತೆಗೆ ಬಿಗಿದು ನಿಲ್ಲುತ್ತದೆ, ಅದಕ್ಕಿಂತ ಹೆಚ್ಚು ಬಿಗಿಯುವುದಿಲ್ಲ.

ಹಗ್ಗ: ಐದಾರು ಅಡಿ ಉದ್ದದ, ಗಟ್ಟಿ ನೈಲಾನ್ ಅಥವಾ ನೂಲಿನ ಪಟ್ಟಿ ಸಾಕು. ಗುಂಡಿ ಒತ್ತಿದರೆ ಉದ್ದವಾಗುವ ಹಗ್ಗ ಪೇಟೆಯ ರಸ್ತೆಗೆ ಅಪಾಯ. ಕೈಗೆ ಸುತ್ತಿಕೊಳ್ಳಲಂತೂ ಬೇಡಿ. ನಮ್ಮತ್ತೆ ಪಟ್ಟ ಪಾಡು ನೋಡಿದಿರಲ್ಲ!

ಪಟ್ಟಿಯಷ್ಟೇ ಸಾಲದು

ನಾನು ಎದೆಯ ಮುಂದೆ ಕೊಂಡಿ ಇರುವ ಹಾರ್ನೆಸ್ ತರಿಸಿದೆ. ಕರಿಯ ಎಳೆದ ಕೂಡಲೇ ಮರದಂತೆ ನಿಂತುಬಿಡುತ್ತಿದ್ದೆ. ಹಗ್ಗ ಸಡಿಲವಾದರೆ ಒಂದು ಚೂರು ಚಪಾತಿ, ಮತ್ತೆ ಮುಂದಕ್ಕೆ. ಮೊದಲ ದಿನ ನಮ್ಮ ಬೀದಿ ದಾಟಲು ಅರ್ಧ ಗಂಟೆ ಹಿಡಿಯಿತು. ನೋಡಿ ನಕ್ಕವರೂ ಇದ್ದರು. ಮನೆಯವರೆಲ್ಲ ಇದೇ ನಿಯಮ ಪಾಲಿಸಬೇಕು. ಒಬ್ಬರು ನಿಂತು, ಇನ್ನೊಬ್ಬರು ಎಳೆಸಿಕೊಂಡು ಹೋದರೆ ನಾಯಿ ಕಲಿಯುವುದಿಲ್ಲ.

ಗಡುವು ಮುಗಿಯುವ ಮುಂಚೆಯೇ ಅತ್ತೆಯ ಪ್ಲಾಸ್ಟರು ಬಿಚ್ಚಿದರು. ಒಂದು ಸಂಜೆ ಯಜಮಾನರು ಮತ್ತೆ ಗುಂಡ್ಲುಪೇಟೆಯ ಮಾತೆತ್ತಿದರು. ಅತ್ತೆ ಏನೂ ಹೇಳದೆ ಎದ್ದು ಬಂದು ನನ್ನ ಮುಂದೆ ಕೈ ಚಾಚಿದರು.

"ಕೊಡವ್ವ ಇಲ್ಲಿ ಹಗ್ಗ. ನೀನೂ ಜೊತೇಲಿ ಬಾ."

ಬೀದಿ ಕೊನೆಯವರೆಗೂ ಹಗ್ಗ ಸಡಿಲವಾಗಿಯೇ ಇತ್ತು.